ಗಣಪತಿ ಮಾಡಲು ಒಲ್ಲೆನೆಂದ ಮಗು: ಡ್ರಾಯಿಂಗ್ ತರಗತಿಯಲ್ಲಿ ಧರ್ಮದ ತಕರಾರು

2022ರ ಸೆಪ್ಟೆಂಬರ್ ಕೊನೆಗೆ ಗದಗ ಪಟ್ಟಣದ ಮಗ್ಗುಲಲ್ಲಿರುವ ನಾಗಾವಿ ಗ್ರಾಮದ ಸರಕಾರಿ ಪ್ರೌಢಶಾಲೆ ಒಂದು ಪ್ರಬಂಧ ಸ್ಪರ್ಧೆಯ ಕಾರಣಕ್ಕೆ ರಾಜ್ಯದ ತುಂಬ ಸುದ್ದಿಯಾಯಿತು. ಪ್ರವಾದಿ ಮಹಮ್ಮದರ ಬದುಕಿನ ಮೇಲೆ ಪ್ರಬಂಧ ಬರೆಯಲು ಅಲ್ಲಿನ ಮಕ್ಕಳಿಗೆ ಹೇಳಲಾಗಿತ್ತು. ಗೆದ್ದವರಿಗೆ ನಗದು ಬಹುಮಾನವಿತ್ತು, ಆ ಹಣ ಹೊರಗಿನವರೊಬ್ಬರು ಕೊಡುವುದಾಗಿ ಹೇಳಿದ್ದು ಎಂದು ವರದಿಯಾಯಿತು. ಶ್ರೀರಾಮ ಸೇನೆಯ ಕಾರ್ಯಕರ್ತರು ಶಾಲೆಗೇ ಬಂದು ಮುಖ್ಯ ಶಿಕ್ಷಕರನ್ನು ತರಾಟೆಗೆ ತೆಗೆದುಕೊಂಡರು. ಮಕ್ಕಳ ಬರವಣಿಗೆ ಸುಧಾರಿಸಲಿ ಎಂಬುದಷ್ಟೇ ತಮ್ಮ ಉದ್ದೇಶವಾಗಿತ್ತು ಎಂದು ಮುಖ್ಯ ಶಿಕ್ಷಕರು ಹೇಳಿದರು. ಶಿಕ್ಷಣ ಇಲಾಖೆ ವಿಚಾರಣೆಗೆ ಮುಂದಾಯಿತು, ಪತ್ರಿಕೆಗಳು ನಾಲ್ಕು ದಿನ ಬರೆದವು, ಗದ್ದಲ ಅಡಗಿತು. ಅಡಗದೆ ಉಳಿದದ್ದು ಪ್ರಶ್ನೆ. ಒಂದು ಕೌಶಲವನ್ನು ಕಲಿಸಲೆಂದು ಮಾಸ್ತರರು ಕೊಡುವ ಕೆಲಸದೊಳಗೆ ಒಂದು ಧರ್ಮದ ವಸ್ತು ಇದ್ದರೆ, ಅದನ್ನು ಮಾಡಲು ಒಪ್ಪದ ಮಗುವಿಗೆ ಶಾಲೆ ಏನು ಹೇಳಬೇಕು? ನಾಗಾವಿಯಲ್ಲಿ ಅದು ಪ್ರಬಂಧವಾಗಿತ್ತು, ತಕರಾರು ದೊಡ್ಡವರದಾಗಿತ್ತು. ಡ್ರಾಯಿಂಗ್ ತರಗತಿಯಲ್ಲಿ ಇದೇ ಪ್ರಶ್ನೆ ಸದ್ದಿಲ್ಲದೆ ಬರುತ್ತದೆ. ಭಾದ್ರಪದ ಬಂತೆಂದರೆ ಅನೇಕ ಶಾಲೆಗಳಲ್ಲಿ ಮಣ್ಣಿನ ಗಣಪತಿ, ಡಿಸೆಂಬರಿನಲ್ಲಿ ಕೆಲವೆಡೆ ಏಸು ಹುಟ್ಟಿದ ಗೋದಲಿ, ನಡುವೆ ಸರಸ್ವತಿ. ಮಾಡಲು ಒಲ್ಲದ ಮಗು ಬಾಯಿ ಬಿಡುವುದು ಕಡಿಮೆ; ಬಣ್ಣ ಮರೆತು ಬಂದೆ ಎನ್ನುತ್ತದೆ, ಇಲ್ಲವೇ ಆ ದಿನ ಶಾಲೆಗೇ ಬರುವುದಿಲ್ಲ. ಸುದ್ದಿಯಾಗುವ ಗದ್ದಲಕ್ಕಿಂತ ಸುದ್ದಿಯಾಗದ ಈ ಗೈರುಹಾಜರಿಯ ಬಗ್ಗೆ ನಾವು ಹೆಚ್ಚು ಚಿಂತಿಸಬೇಕು.

ಧರ್ಮದ ತಕರಾರು ಎಂದೊಡನೆ ನಮ್ಮ ಮನಸ್ಸು ಒಂದೇ ಸಮುದಾಯದ ಕಡೆಗೆ ಓಡುತ್ತದೆ. ಜೀವವಿರುವುದರ ಚಿತ್ರ ಬರೆಯಬಾರದು, ಪೂಜೆಗೊಳ್ಳುವ ಮೂರ್ತಿ ಮಾಡಬಾರದು ಎಂದು ನಂಬುವ ಮುಸ್ಲಿಂ ಕುಟುಂಬಗಳಿವೆ, ನಿಜ. ಆದರೆ ಗದಗ ಸೀಮೆಯ ಯಾವುದೇ ತರಗತಿಯನ್ನು ಸಾವಧಾನವಾಗಿ ನೋಡಿದರೆ ‘ಒಲ್ಲೆ’ ಎನ್ನಲು ಕಾರಣವಿರುವ ಮಕ್ಕಳು ಬೇರೆ ಬೇರೆ ಮನೆಗಳಿಂದ ಬಂದಿರುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರ್ ತಮ್ಮ ಅನುಯಾಯಿಗಳೊಡನೆ ಬೌದ್ಧ ಧರ್ಮ ಸ್ವೀಕರಿಸಿದಾಗ ಕೈಗೊಂಡ 22 ಪ್ರತಿಜ್ಞೆಗಳಲ್ಲಿ ಗೌರಿ, ಗಣಪತಿಯರನ್ನು ದೇವರೆಂದು ಒಪ್ಪುವುದಿಲ್ಲ ಎಂಬುದೂ ಒಂದು. ಆ ಪ್ರತಿಜ್ಞೆಯನ್ನು ಪಾಲಿಸುವ ಮನೆಯ ಹುಡುಗಿಗೆ ಗಣಪತಿ ಮಾಡೆಂದರೆ ಅವಳಿಗೂ ಅದು ಇಕ್ಕಟ್ಟು. ಇಷ್ಟಲಿಂಗವೊಂದನ್ನೇ ಪೂಜಿಸುವ, ಸ್ಥಾವರ ಮೂರ್ತಿಯನ್ನು ನಂಬದ ಲಿಂಗಾಯತ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಬೆಟಗೇರಿಗೆ ಬಾಸೆಲ್ ಮಿಶನ್ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದಿತು. ಇಂದಿಗೂ ಜನ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ದವಾಖಾನೆ ಆ ಮಿಶನ್ನಿನದೇ ಗುರುತು. ಅದರ ಜೊತೆ ಬಂದ ಪ್ರೊಟೆಸ್ಟೆಂಟ್ ಶ್ರದ್ಧೆ ಮೂರ್ತಿಯ ವಿಷಯದಲ್ಲಿ ಕ್ಯಾಥೊಲಿಕರಿಗಿಂತ ಬಹಳ ಬಿಗಿ. ಲಕ್ಷ್ಮೇಶ್ವರದ ಜೈನ ಮನೆಯ ಮಗುವಿನ ತಕರಾರು ಚಿತ್ರದ ಬಗ್ಗೆ ಇರಲಿಕ್ಕಿಲ್ಲ, ಕುಂಚದ ಬಗ್ಗೆ ಇರಬಹುದು. ಕುಂಚದ ಕೂದಲು ಹಂದಿಯದೋ ಅಳಿಲಿನದೋ ಎಂದು ಅದು ಕೇಳಿದರೆ ಮಾಸ್ತರರ ಬಳಿ ಉತ್ತರವಿರಬೇಕು. ಮುಂಗುಸಿಯ ಕೂದಲಿನ ಕುಂಚವಾದರೆ ಮಗುವಿನ ತಕರಾರಿಗೂ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಅಡ್ಡ ಬರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಗೋದಲಿಯ ಚಿತ್ರ ಬರೆಸಿದ್ದಕ್ಕೆ ಮುಖ ಗಂಟಿಕ್ಕುವ ಹಿಂದೂ ಪಾಲಕರೂ ಇದ್ದಾರೆ.

ಹಾಗೆಂದು ಹಾಜರಿ ಪುಸ್ತಕದ ಹೆಸರು ನೋಡಿ ಯಾರು ಒಲ್ಲೆ ಎಂದಾರು ಎಂದು ಊಹಿಸಹೊರಟರೆ ಅದೂ ತಪ್ಪಿಗೇ ದಾರಿ. ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಸ್ವಾಮಿಗಳ ಹೆಸರಿನಲ್ಲೇ ಫಕೀರ ಇದ್ದಾನೆ. ಆ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದ ದೂದಪೀರಾ ದರ್ಗಾಕ್ಕೆ ಎರಡೂ ಕಡೆಯವರು ಹರಕೆ ಹೊರುತ್ತಾರೆ. ಮೊಹರಮ್ಮಿನಲ್ಲಿ ಅಲೈ ದೇವರ ಮುಂದೆ ಹುಲಿವೇಷ ಹಾಕಿ ಕುಣಿಯುವ ಹುಡುಗರ ಹೆಸರು ಬಸಪ್ಪ, ಯಲ್ಲಪ್ಪ ಆಗಿರುವುದು ಈ ಭಾಗದ ಹಳ್ಳಿಗಳಲ್ಲಿ ಹೊಸತೇನೂ ಅಲ್ಲ. ಇಂಥ ಊರುಗಳಲ್ಲಿ, ಮುಸ್ಲಿಂ ಹುಡುಗ ಎಂಬ ಒಂದೇ ಕಾರಣಕ್ಕೆ ‘ನೀನು ಗಣಪತಿ ಮಾಡುವುದು ಬೇಡ, ಹೂವು ಮಾಡು’ ಎಂದು ಮಾಸ್ತರರು ತಾವಾಗಿಯೇ ಬೇರೆ ಕೂರಿಸಿದರೆ, ಅವನು ಮನಸಾರೆ ಗಣಪತಿ ಮಾಡಲು ಬಯಸಿದ್ದರೆ, ಆಗ ನಡೆದ ಅನ್ಯಾಯವೂ ಸಣ್ಣದಲ್ಲ. ಒತ್ತಾಯ ಮಾಡುವುದು ಒಂದು ತಪ್ಪು. ಒಳ್ಳೆಯ ಮನಸ್ಸಿನಿಂದಲೇ ಮಗುವಿನ ಹಣೆಗೆ ಚೀಟಿ ಹಚ್ಚುವುದು ಇನ್ನೊಂದು. ಎರಡರಿಂದಲೂ ತಪ್ಪಿಸಿಕೊಳ್ಳುವ ಹಾದಿ ಒಂದೇ. ಆಯ್ಕೆಯನ್ನು ಮೊದಲ ದಿನವೇ ಇಡೀ ತರಗತಿಯ ಮುಂದಿಡಬೇಕು, ಅದನ್ನು ಯಾರಿಗೋ ಕೊಟ್ಟ ವಿನಾಯಿತಿಯನ್ನಾಗಿ ಮಾಡಬಾರದು.

ಆಯ್ಕೆ ಕೊಡಬೇಕಾದರೆ ಮಾಸ್ತರರು ಮೊದಲು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ: ಈ ಕೆಲಸದಿಂದ ಮಗು ಏನು ಕಲಿಯಬೇಕು? ಮಣ್ಣಿನ ಗಣಪತಿಯನ್ನೇ ತೆಗೆದುಕೊಳ್ಳಿ. ಎರಿ ಮಣ್ಣನ್ನು ಹದವಾಗಿ ನಾದುವುದು, ಗಾಳಿಗುಳ್ಳೆ ಉಳಿಯದಂತೆ ಮಿದಿಯುವುದು, ಕೈಕಾಲುಗಳನ್ನು ಬೇರೆ ಮಾಡಿ ಕೆಸರಿನಂಥ ತಿಳಿಮಣ್ಣು ಸವರಿ ಅಂಟಿಸುವುದು, ಭಾರ ಒಂದೇ ಕಡೆ ವಾಲದಂತೆ ಕೂರಿಸುವುದು, ಒಣಗುವಾಗ ಬಿರುಕು ಬಿಡದಂತೆ ನೋಡಿಕೊಳ್ಳುವುದು: ಕಲಿಯಬೇಕಾದದ್ದು ಇವು. ಇವಷ್ಟನ್ನೂ ಕಲಿಸಲು ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಾಡುವ ಎತ್ತು ಸಾಕು, ಕುಳಿತ ಆನೆ ಸಾಕು, ಕೈಹಿಡಿಯಿರುವ ಹೂಜಿ ಸಾಕು. ನಾಲ್ಕು ಕಾಲಿನ ಮೇಲೆ ನಿಲ್ಲುವ ಎತ್ತನ್ನು ಮಾಡುವುದು ಕುಳಿತ ಗಣಪತಿಗಿಂತ ಕಷ್ಟವೆಂದು ಮಣ್ಣಿನ ಕೆಲಸ ಬಲ್ಲವರು ಒಪ್ಪುತ್ತಾರೆ. ಹಾಗಾದರೆ ಹಲಗೆಯ ಮೇಲೆ ‘ಮಣ್ಣಿನ ಗಣಪತಿ’ ಎಂದು ಬರೆಯುವ ಬದಲು ‘ಮೂರು ಭಾಗಗಳನ್ನು ಜೋಡಿಸಿ, ತಾನಾಗಿ ನಿಲ್ಲುವ ಒಂದು ಮಣ್ಣಿನ ಆಕೃತಿ, ಗಣಪತಿ, ಎತ್ತು, ಹೂಜಿ, ಯಾವುದಾದರೂ ಸರಿ’ ಎಂದು ಬರೆದರೆ ಏನು ಕಳೆದುಹೋಗುತ್ತದೆ? ಗಣಪತಿ ಮಾಡಬೇಕೆನ್ನುವವರು ಗಣಪತಿಯನ್ನೇ ಮಾಡುತ್ತಾರೆ. ಒಲ್ಲದ ಮಗು ಎದ್ದು ನಿಂತು ತನ್ನ ಧರ್ಮವನ್ನು ನಲವತ್ತು ಜನರ ಮುಂದೆ ವಿವರಿಸಬೇಕಾದ ಸಂಕಟ ತಪ್ಪುತ್ತದೆ. ಕೆಲಸದ ಹೆಸರಿನಲ್ಲಿ ಕೌಶಲ ಮುಂದಿರಲಿ, ವಸ್ತು ಹಿಂದಿರಲಿ ಎಂಬುದು ನನ್ನ ವಾದದ ತಿರುಳು. ತಕರಾರುಗಳಲ್ಲಿ ಬಹುಪಾಲು ಈ ಒಂದು ಬದಲಾವಣೆಯಿಂದಲೇ ಕರಗುತ್ತವೆ ಎಂದು ನಾನು ನಂಬುತ್ತೇನೆ.

ಇದಕ್ಕೆ ಹೊರದೇಶದ ಒಂದು ಸಾಕ್ಷ್ಯವಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಆಗಸ್ಟಾ ಕೌಂಟಿಯ ರಿವರ್‌ಹೆಡ್ಸ್ ಪ್ರೌಢಶಾಲೆಯಲ್ಲಿ 2015ರ ಡಿಸೆಂಬರಿನಲ್ಲಿ ಜಗತ್ತಿನ ಧರ್ಮಗಳ ಪಾಠ ನಡೆದಿತ್ತು. ಅರಬ್ಬಿ ಸುಂದರ ಬರವಣಿಗೆ ಎಷ್ಟು ಸೂಕ್ಷ್ಮ ಕಲೆ ಎಂಬುದು ತಿಳಿಯಲಿ ಎಂದು ಮಕ್ಕಳಿಗೆ ಒಂದು ಸಾಲನ್ನು ನೋಡಿ ಬರೆಯಲು ಕೊಟ್ಟರು. ಆ ಸಾಲು ಇಸ್ಲಾಮಿನ ಶಹಾದಾ, ಎಂದರೆ ದೇವರೊಬ್ಬನೇ, ಮಹಮ್ಮದರು ಆತನ ಪ್ರವಾದಿ ಎಂದು ಸಾರುವ ಶ್ರದ್ಧೆಯ ಘೋಷಣೆ. ಕೆಲ ಪಾಲಕರು ಸಿಡಿದೆದ್ದರು, ದೇಶದ ಮೂಲೆಮೂಲೆಯಿಂದ ಕರೆಗಳೂ ಸಂದೇಶಗಳೂ ಸುರಿದವು, ಡಿಸೆಂಬರ್ 18ರಂದು ಕೌಂಟಿಯ ಶಾಲೆಗಳನ್ನೆಲ್ಲ ಮುಚ್ಚಬೇಕಾಯಿತು. ಯಾರನ್ನೂ ಮತಾಂತರಿಸುವ ಉದ್ದೇಶ ಇರಲಿಲ್ಲ ಎಂದು ಆಡಳಿತ ಹೇಳಿತು. ಜೊತೆಗೆ ಮುಂದೆ ಅರಬ್ಬಿ ಬರವಣಿಗೆಗೆ ಧರ್ಮಕ್ಕೆ ಸಂಬಂಧಿಸದ ಬೇರೊಂದು ಮಾದರಿ ಬಳಸುವುದಾಗಿಯೂ ಹೇಳಿತು. ಆ ಎರಡನೆಯ ಮಾತಿನಲ್ಲಿ ಇಡೀ ಪ್ರಕರಣದ ಪರಿಹಾರವಿತ್ತು. ಬಾಗು, ಉದ್ದ, ಚುಕ್ಕೆಗಳ ಅಂತರ ಕಲಿಯಲು ಯಾವ ಅರಬ್ಬಿ ಪದವಾದರೂ ನಡೆಯುತ್ತದೆ. ಆ ಪಾಠದಲ್ಲಿ ಶಹಾದಾ ಎಂದರೇನು ಎಂದು ಓದುವುದಕ್ಕೂ ಅದನ್ನು ತನ್ನ ಕೈಯಿಂದ ಬರೆಯುವುದಕ್ಕೂ ನಡುವೆ ಇರುವ ಗೆರೆಯನ್ನು ಯಾರೂ ಗಮನಿಸಿರಲಿಲ್ಲ. ಹಾಗೆ ಗಮನಿಸದಿದ್ದುದಕ್ಕೆ ತೆತ್ತ ಬೆಲೆ, ಒಂದು ಇಡೀ ಕೌಂಟಿಯ ಮಕ್ಕಳ ಒಂದು ದಿನದ ಪಾಠ.

ನಮ್ಮ ಸೀಮೆಯ ಡ್ರಾಯಿಂಗ್ ಮಾಸ್ತರರಿಗೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ, ಒಟ್ಟು ಆರು ಚೌಕಗಳು ಒಂದರ ಮೇಲೊಂದು ಕೂತಾಗ, ಕಾಗದದ ಮೇಲೆ ಅಂಥದೇ 24 ಮೂಲೆಯ ನಕ್ಷತ್ರ ಮೂಡುತ್ತದೆ. ಎರಡೇ ಚೌಕಗಳನ್ನು 45 ಡಿಗ್ರಿಗೆ ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ. ಜಗತ್ತಿನ ಎಷ್ಟೋ ಮಸೀದಿಗಳ ಜಾಲಂಧ್ರಗಳಿಗೂ ಹೆಂಚುಗಳಿಗೂ ಅದೇ ಮೂಲ. ಕಂಪಾಸು, ಕೋನಮಾಪಕ ಹಿಡಿದು ಕೂತ ಮಗುವಿಗೆ ಇದು ರೇಖಾಗಣಿತವೂ ಹೌದು, ಗುಡಿಯ ಕಥೆಯೂ ಹೌದು. ಯಾವ ಮನೆಯ ಮಗುವಿಗೂ ಇದನ್ನು ಬಿಡಿಸಲು ತಕರಾರಿರಲಾರದು. ಕಸೂತಿಯಲ್ಲೂ ಇದೇ ಅನುಕೂಲ: ಗೋಪುರ, ತೇರು, ತುಳಸಿಕಟ್ಟೆ ಬೇಕೆನ್ನುವವರಿಗೆ ಅವಿವೆ, ಬೇಡವೆನ್ನುವವರಿಗೆ ಗವಂತಿ, ಮುರ್ಗಿ ಹೊಲಿಗೆಯ ಬರೀ ಗೆರೆ ಲೆಕ್ಕದ ವಿನ್ಯಾಸಗಳಿವೆ, ಹೊಲಿಗೆಯ ಶಿಸ್ತು ಎರಡರಲ್ಲೂ ಒಂದೇ.

ಇಷ್ಟಾದ ಮೇಲೂ ಕೆಲವು ಸಲ ಒಂದು ಮಗು ‘ನಾ ಒಲ್ಲೆರಿ ಸರ’ ಎಂದೀತು. ಆಗ ಮಾಸ್ತರರಿಗೆ, ಅದರಲ್ಲೂ ಚೆನ್ನಾಗಿ ಓದಿಕೊಂಡ ಮಾಸ್ತರರಿಗೆ, ವಾದ ಹೂಡುವ ಆಸೆ ಬರುತ್ತದೆ. ‘ನಿಮ್ಮ ಧರ್ಮದಲ್ಲಿ ಚಿತ್ರ ಬರೆಯಬಾರದು ಅಂತ ಯಾರು ಹೇಳಿದರು? ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಲಿಲ್ಲವೇ? ಅವನ ಆಸ್ಥಾನದಲ್ಲೇ ಸರಸ್ವತಿಯ ಚಿತ್ರ ಬರೆಯಲಿಲ್ಲವೇ?’ ಇದು ನಿಜವಾದ ಇತಿಹಾಸ. 1580ರಿಂದ 1627ರವರೆಗೆ ಆಳಿದ ಆ ಸುಲ್ತಾನ ‘ಕಿತಾಬ್-ಎ-ನವರಸ್’ ಬರೆದವನು, ಚಿತ್ರಕಾರರನ್ನು ಸಾಕಿದವನು. ಲಕ್ಷ್ಮೇಶ್ವರದ ಜುಮ್ಮಾ ಮಸೀದಿ 1617ರಲ್ಲಿ ಅಂಕುಶಖಾನನಿಂದ ಕಟ್ಟಲ್ಪಟ್ಟದ್ದೂ ಅವನ ಆಳ್ವಿಕೆಯಲ್ಲೇ. ಇದನ್ನು ಕಲೆಯ ಇತಿಹಾಸವಾಗಿ ಇಡೀ ತರಗತಿಗೆ ಹೇಳಲೇಬೇಕು. ಆದರೆ ಹದಿಮೂರು ವರ್ಷದ ಹುಡುಗನ ನಂಬಿಕೆಯನ್ನು ಸೋಲಿಸುವ ಅಸ್ತ್ರವಾಗಿ ಬಳಸಬಾರದು. ಸುಲ್ತಾನನೊಬ್ಬ ಚಿತ್ರ ಬರೆಸಿದನೆಂಬುದು ಆ ಹುಡುಗನ ಮನೆಯ ನಂಬಿಕೆ ಸುಳ್ಳೆಂಬುದಕ್ಕೆ ಪುರಾವೆಯಾಗುವುದಿಲ್ಲ. ಯಾವ ಧರ್ಮದಲ್ಲಿ ಯಾವುದು ಸಲ್ಲುತ್ತದೆ ಎಂದು ತೀರ್ಪು ಕೊಡುವ ಕೆಲಸವನ್ನು ಶಾಲೆ ಕೈಗೆತ್ತಿಕೊಂಡರೆ ಅದು ಅಲ್ಲಿಗೆ ನಿಲ್ಲುವುದಿಲ್ಲ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ದಾರಿ ತೋರಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಗಡಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ದೇವರ ಪ್ರಾರ್ಥನೆಯನ್ನಲ್ಲದೆ ಬೇರೆ ಯಾವ ಸ್ತುತಿಯನ್ನೂ ಹಾಡಬಾರದೆಂಬುದು ಅವರ ನಂಬಿಕೆ. 1985ರ ಜುಲೈಯಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ ಆ ಆದೇಶವನ್ನು ರದ್ದುಮಾಡಿತು. ಬಿಜೋ ಇಮ್ಯಾನ್ಯುಯೆಲ್ ಪ್ರಕರಣವೆಂದೇ ಹೆಸರಾದ ಈ ತೀರ್ಪಿನ ಮುಖ್ಯ ಮಾತು ಸರಳ. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಅದನ್ನು ಇಟ್ಟುಕೊಂಡವರು ಪ್ರಾಮಾಣಿಕವಾಗಿ ಇಟ್ಟುಕೊಂಡಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಹಾಗಿದ್ದರೆ ಸಂವಿಧಾನದ 25ನೇ ವಿಧಿಯ ರಕ್ಷಣೆ ಅದಕ್ಕುಂಟು. ಸರಕಾರಿ ಹಣದಿಂದಲೇ ಪೂರ್ತಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದೂ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವಿನ ಪಾಲಕರ ಒಪ್ಪಿಗೆಯಿಲ್ಲದೆ ಅದನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಸೇರಿಸಕೂಡದೆಂದೂ 28ನೇ ವಿಧಿ ಹೇಳುತ್ತದೆ. ಹಿಜಾಬಿನ ವಿವಾದದ ನಂತರ ಕರ್ನಾಟಕದಲ್ಲಿ ಇಂಥ ಮಾತೆತ್ತಿದೊಡನೆ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು ನೆನಪಾಗುತ್ತದೆ. ಅದು ಉಡುಪಿನ ಪ್ರಶ್ನೆ. ಆ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರಲ್ಲಿ ಭಿನ್ನ ತೀರ್ಪು ಕೊಟ್ಟರು, ಅವರಲ್ಲಿ ಸುಧಾಂಶು ಧುಲಿಯಾ ಅವರು ಆಧಾರವಾಗಿ ಹಿಡಿದದ್ದು ಇದೇ ಬಿಜೋ ಇಮ್ಯಾನ್ಯುಯೆಲ್ ತೀರ್ಪನ್ನು. ಚಿತ್ರದ ವಿಷಯಕ್ಕೆ ಆ ಜಗಳವನ್ನು ಎಳೆದು ತರುವ ಅಗತ್ಯ ನನಗೆ ಕಾಣುವುದಿಲ್ಲ. ಸಮವಸ್ತ್ರ ಎಲ್ಲರಿಗೂ ಒಂದೇ ಇರಲಿ ಎನ್ನುವವರೂ, ಎಲ್ಲರೂ ಒಂದೇ ದೇವರ ಚಿತ್ರ ಬಿಡಿಸಲಿ ಎಂದು ಹೇಳಲಾರರು.

ಹಾಗಾದರೆ ಧರ್ಮದ ಹೆಸರಿನಲ್ಲಿ ಬರುವ ಪ್ರತಿಯೊಂದು ‘ಒಲ್ಲೆ’ಗೂ ಶಾಲೆ ತಲೆಬಾಗಬೇಕೇ? ಖಂಡಿತ ಇಲ್ಲ. ಎಲ್ಲಿ ತಲೆಬಾಗಬಾರದು ಎಂಬುದಕ್ಕೆ ನಮ್ಮ ಭಾಗದ ಇತಿಹಾಸದಲ್ಲೇ ಕಹಿಯಾದ ಪಾಠವಿದೆ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಅವನನ್ನು ಸೇರಿಸಿಕೊಂಡರೆ ಉಳಿದ ಜಾತಿಯ ಮಕ್ಕಳು ಶಾಲೆ ಬಿಡುತ್ತಾರೆಂದು ಮುಂಬಯಿ ಸರಕಾರ ಅವನಿಗೆ ಪ್ರವೇಶ ಕೊಡಿಸಲಿಲ್ಲ. ಮುಂದೆ ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ನೀತಿಗೆ ಈ ಪ್ರಕರಣ ಕಾರಣವಾಯಿತು, ಆದರೆ ಆ ಹುಡುಗನಿಗೆ ಅಂದು ಬಾಗಿಲು ಮುಚ್ಚಿತು. ಅಂದು ಆಕ್ಷೇಪಿಸಿದವರೂ ಧರ್ಮದ ಹೆಸರನ್ನೇ ಹೇಳುತ್ತಿದ್ದರು. ಕೇರಳದ ಮೂವರು ಮಕ್ಕಳ ಆಕ್ಷೇಪಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಆ ಮಕ್ಕಳು ‘ನಾವು ಹಾಡುವುದಿಲ್ಲ’ ಎಂದರು. ಯಾರ ಹಾಡನ್ನೂ ನಿಲ್ಲಿಸಲಿಲ್ಲ. ಧಾರವಾಡದ ಆಕ್ಷೇಪ ‘ಅವನು ಕೂರಬಾರದು’ ಎಂಬುದು. ಮೊದಲನೆಯದು ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದು, ಎರಡನೆಯದು ಇನ್ನೊಬ್ಬನ ಕೈ ಹಿಡಿಯುವುದು. ಡ್ರಾಯಿಂಗ್ ತರಗತಿಯಲ್ಲೂ ಇದೇ ಅಳತೆಗೋಲು ಸಾಕು. ‘ನಾನು ಗಣಪತಿ ಮಾಡಲಾರೆ’ ಎಂಬ ಮಾತಿಗೆ ಬೇರೆ ಕೆಲಸ ಕೊಡಿ. ‘ಅವರು ಗಣಪತಿ ಮಾಡಿದ ಕೋಣೆಯಲ್ಲಿ ನಾನು ಕೂರಲಾರೆ’, ‘ಆ ಸಾಬರ ಹುಡುಗ ನಮ್ಮ ದೇವರ ಮೂರ್ತಿ ಮುಟ್ಟಬಾರದು’, ‘ಗೋಡೆಯ ಮೇಲಿನ ಆ ಚಿತ್ರ ತೆಗೆಯಿರಿ’ ಎಂಬ ಮಾತುಗಳಿಗೆ ನಿಷ್ಠುರವಾಗಿ ಇಲ್ಲ ಎನ್ನಿ.

ಇದೇ ಅಳತೆಗೋಲಿನ ಇನ್ನೊಂದು ತುದಿ, ಮಾಡುವುದು ಬೇರೆ, ನೋಡಿ ತಿಳಿಯುವುದು ಬೇರೆ ಎಂಬುದು. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಾಗ ಬೆತ್ತಲೆ ಜಿನಬಿಂಬ ತೋರಿಸಬೇಡಿ ಎಂದು ಯಾವ ಪಾಲಕರಾದರೂ ಹೇಳಿದರೆ ಒಪ್ಪಲಾಗದು. ಲಕ್ಷ್ಮೇಶ್ವರದ ಶಂಖ ಬಸದಿ, ಸೋಮೇಶ್ವರ ಗುಡಿ, ಜುಮ್ಮಾ ಮಸೀದಿ, ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು, ಡಂಬಳದಲ್ಲಿ ತಾರಾದೇವಿಯನ್ನೂ ಬೌದ್ಧ ವಿಹಾರವನ್ನೂ ಹೆಸರಿಸುವ ಹನ್ನೊಂದನೆಯ ಶತಮಾನದ ಕೊನೆಯ ಶಾಸನ: ಇವನ್ನು ಬಿಟ್ಟು ಈ ಜಿಲ್ಲೆಯ ಮಗುವಿಗೆ ಕಲೆ ಎಂದರೇನೆಂದು ಹೇಗೆ ಹೇಳುವುದು? ತಂಟೆಯೇ ಬೇಡ, ಶಾಲೆಯಲ್ಲಿ ಧರ್ಮಕ್ಕೆ ಸಂಬಂಧಿಸಿದ ಯಾವ ಚಿತ್ರವೂ ಬೇಡ, ಬರೀ ಹಣ್ಣುಹಂಪಲು ಬಿಡಿಸೋಣ ಎಂದು ಕೆಲವರು ಕೊಡುವ ಸಲಹೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಆ ಸಲಹೆ ಶಾಂತಿಯಂತೆ ಕಾಣುತ್ತದೆ, ಮಗುವಿನಿಂದ ಅದರ ಊರನ್ನೇ ಕಸಿದುಕೊಳ್ಳುತ್ತದೆ. ಧರ್ಮಗಳ ಬಗ್ಗೆ ಕಲಿಸುವುದು 28ನೇ ವಿಧಿ ನಿಷೇಧಿಸಿದ ಧಾರ್ಮಿಕ ಬೋಧನೆಯಾಗುವುದಿಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೋಡಿ ತಿಳಿಯುವುದರ ಮೇಲೂ ಆಕ್ಷೇಪ ಬಂದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹ್ಯಾಮ್ಲಿನ್ ವಿಶ್ವವಿದ್ಯಾಲಯ ಉದಾಹರಣೆ. 2022ರ ಅಕ್ಟೋಬರಿನಲ್ಲಿ ಕಲಾ ಇತಿಹಾಸದ ತರಗತಿಯಲ್ಲಿ ಅಧ್ಯಾಪಕಿಯೊಬ್ಬರು ಮುಸ್ಲಿಂ ಆಸ್ಥಾನವೊಂದಕ್ಕಾಗಿ ಹದಿನಾಲ್ಕನೆಯ ಶತಮಾನದಲ್ಲಿ ಬರೆದ, ಪ್ರವಾದಿಯ ರೂಪವಿದ್ದ ಚಿತ್ರವನ್ನು ತೋರಿಸಿದರು; ಬೇಡವೆನಿಸಿದವರು ನೋಡದಿರಬಹುದೆಂದು ಮೊದಲೇ ತಿಳಿಸಿದ್ದರು. ಆದರೂ ವಿದ್ಯಾರ್ಥಿನಿಯೊಬ್ಬಳು ದೂರಿದಳು, ಅಧ್ಯಾಪಕಿಗೆ ಮುಂದೆ ಪಾಠ ಸಿಗಲಿಲ್ಲ. ದೇಶದ ವಿದ್ವಾಂಸರು, ಮುಸ್ಲಿಂ ಸಂಘಟನೆಗಳಲ್ಲೂ ಕೆಲವು, ಆ ಅಧ್ಯಾಪಕಿಯ ಪರ ನಿಂತರು. ಆಡಳಿತ ಅಧ್ಯಾಪಕಿಯ ವಿರುದ್ಧ ತಾನಾಡಿದ ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ನೋಡದಿರುವ ಅವಕಾಶ ಕೊಟ್ಟ ಮೇಲೂ ಯಾರಿಗೂ ತೋರಿಸಬಾರದಿತ್ತು ಎಂಬ ಒತ್ತಾಯ, ಇನ್ನೊಬ್ಬರ ಕಣ್ಣಿಗೆ ಕೈ ಅಡ್ಡ ಹಿಡಿದಂತೆ.

ಈ ವಾದಕ್ಕೆ ಬರುವ ಎದುರುಮಾತುಗಳಲ್ಲಿ ಹೆಚ್ಚು ಕೇಳುವುದು, ಗಣಪತಿ ನಮ್ಮ ಸಂಸ್ಕೃತಿ, ಧರ್ಮವೇಕೆ ಎಂದುಕೊಳ್ಳಬೇಕು ಎಂಬುದು. ಇದನ್ನು ಹೇಳುವವರ ಪ್ರೀತಿ ನಿಜವಾದದ್ದು. ಆದರೆ ನಾಡಿನ ಕೋಟ್ಯಂತರ ಜನ ಮಂತ್ರ ಹೇಳಿ ಪ್ರಾಣಪ್ರತಿಷ್ಠೆ ಮಾಡಿ, ನೈವೇದ್ಯ ಇಟ್ಟು, ಅಳುತ್ತ ನೀರಿಗೆ ಬಿಡುವ ದೇವರನ್ನು ಬರೀ ಸಂಸ್ಕೃತಿ ಎಂದರೆ ಮೊದಲು ನೋಯುವವರು ಭಕ್ತರೇ. ದೇವರನ್ನು ಕಡ್ಡಾಯ ಮಾಡಲೆಂದು ದೇವರನ್ನೇ ಚಿಕ್ಕದು ಮಾಡುವ ವಾದ ಇದು. ಎರಡನೆಯ ಎದುರುಮಾತು ನ್ಯಾಯದ್ದು: ಒಬ್ಬ ಗಣಪತಿ ಮಾಡಿ ಬೆವರು ಹರಿಸುವಾಗ ಇನ್ನೊಬ್ಬ ಸುಲಭದ ಹೂವು ಬಿಡಿಸಿ ಅಷ್ಟೇ ಅಂಕ ತೆಗೆದುಕೊಂಡರೆ? ಇದು ನ್ಯಾಯವಾದ ಪ್ರಶ್ನೆ, ಉತ್ತರ ಮಾಸ್ತರರ ಕೈಯಲ್ಲೇ ಇದೆ. ಬದಲಿ ಕೆಲಸ ಅಷ್ಟೇ ಕಷ್ಟದ್ದಿರಬೇಕು, ಅಷ್ಟೇ ಹೊತ್ತು ಹಿಡಿಯಬೇಕು, ಅದೇ ಕೌಶಲಕ್ಕೆ ಅಂಕ ಬೀಳಬೇಕು. ಕೌಶಲ ಯಾವುದೆಂದು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಇದು ಸಾಧ್ಯವಾಗುವುದಿಲ್ಲ. ಇಂದು ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರೂ ಒಂದೊಂದು ನೆಪ ತರುತ್ತಾರೆ ಎಂಬ ಭಯಕ್ಕೂ ಉತ್ತರ ಅಲ್ಲೇ ಇದೆ. ಬದಲಿ ಕೆಲಸ ಸುಲಭವಾಗಿಲ್ಲವೆಂದ ಮೇಲೆ ಸುಳ್ಳು ನೆಪ ಹೇಳಿ ಮಗು ಗಳಿಸುವುದಾದರೂ ಏನು? ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಧಾರ್ಮಿಕ ಪಠಣಕ್ಕೆ ಸಂಸ್ಕೃತವೂ ಇದೆ, ಅರೇಬಿಕ್ಕೂ ಇದೆ. ಹಾಡಿಗೆ ಭಾವಗೀತೆಯೂ ಇದೆ, ಕವ್ವಾಲಿಯೂ ಇದೆ. ಆಯ್ಕೆಯಿಟ್ಟ ಮಾತ್ರಕ್ಕೆ ಸ್ಪರ್ಧೆಯ ಶಿಸ್ತು ಕೆಡುವುದಿಲ್ಲವೆಂಬುದನ್ನು ಇಲಾಖೆ ತಾನೇ ವರ್ಷವರ್ಷವೂ ತೋರಿಸುತ್ತ ಬಂದಿದೆ.

ಇವೆಲ್ಲಕ್ಕಿಂತ ಗಟ್ಟಿಯಾದ ತೊಡಕು ಒಂದಿದೆ. ಕೆಲವೊಮ್ಮೆ ವಸ್ತುವೇ ಕೌಶಲವಾಗಿರುತ್ತದೆ. ಮನುಷ್ಯಾಕೃತಿ ಬಿಡಿಸುವುದನ್ನು ಕಲಿಯಲು ಮನುಷ್ಯಾಕೃತಿಯನ್ನೇ ಬಿಡಿಸಬೇಕು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ನೆನಪಿನ ಚಿತ್ರದಲ್ಲಿ ಸಂತೆಯನ್ನೋ ಜಾತ್ರೆಯನ್ನೋ ಬಿಡಿಸುವಾಗ ಜನರಿಲ್ಲದ ಸಂತೆಗೆ ಅಂಕ ಎಲ್ಲಿಂದ ಬರಬೇಕು? ಜೀವವಿರುವ ಯಾವುದನ್ನೂ ಬಿಡಿಸಬಾರದೆಂಬ ಮಗುವಿಗೆ ಇಲ್ಲಿ ಸಮನಾದ ಬದಲಿ ಇಲ್ಲ. ಹಾಗಿರುವಾಗ ಇದೆ ಎಂದು ನಟಿಸುವುದು ಮಗುವಿಗೇ ಮೋಸ. ತರಗತಿಯ ಮಟ್ಟದಲ್ಲಿ ಮಗುವನ್ನೇ ಕೇಳಬಹುದು. ಮುಖದ ವಿವರವಿಲ್ಲದ ಆಕೃತಿ ನಿನಗೆ ಒಪ್ಪಿಗೆಯೇ, ಬೆನ್ನು ಮಾಡಿ ನಿಂತವರು ಒಪ್ಪಿಗೆಯೇ, ಬರೀ ಹೊರಗೆರೆ ಸಾಕೇ ಎಂದು. ಅನೇಕ ಸಲ ದಾರಿ ಮಗುವಿನಿಂದಲೇ ಹೊರಡುತ್ತದೆ. ಪರೀಕ್ಷೆಗೆ ಕೂರುವುದಾದರೆ ಮಾತ್ರ ಈ ಪತ್ರಿಕೆಯಲ್ಲಿ ಇಷ್ಟು ಅಂಕ ಹೋಗುತ್ತದೆ, ಯೋಚಿಸಿ ನಿರ್ಧರಿಸಿ ಎಂದು ಅರ್ಜಿ ತುಂಬುವ ಮುಂಚೆಯೇ ಮಗುವಿಗೂ ಮನೆಯವರಿಗೂ ಹೇಳಿಬಿಡಬೇಕು. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ವಿಜಯ ಕಲಾಮಂದಿರದಂಥ ಕಲಾಶಾಲೆಗಳಿಂದ ಹೊರಬಂದ ಚಿತ್ರಕಲಾ ಶಿಕ್ಷಕರಿಗೆ ಆಕೃತಿ ರಚನೆಯ ಬೆಲೆ ಚೆನ್ನಾಗಿ ಗೊತ್ತು. ಕಲಾಕಾಲೇಜಿಗೆ ಸೇರುವವರು ವಯಸ್ಕರು, ಏನು ಕಲಿಯಬೇಕೆಂದು ನೋಡಿಯೇ ಸೇರುತ್ತಾರೆ; ಅಲ್ಲಿ ಜೀವಂತ ಮಾದರಿಯ ಅಭ್ಯಾಸವನ್ನು ಬಿಡಲಾಗದು. ಎಂಟನೆಯ ತರಗತಿಯ ಮಗು ಹಾಗೆ ಆರಿಸಿಕೊಂಡು ಬಂದದ್ದಲ್ಲ. ಕಡ್ಡಾಯ ಹೆಚ್ಚಿದಷ್ಟೂ ಆಯ್ಕೆಯೂ ಹೆಚ್ಚಿರಬೇಕು.

ಈಗ ನಾಗಾವಿಯನ್ನು ಮತ್ತೆ ಈ ಅಳತೆಗೋಲಿನಿಂದ ನೋಡಬಹುದು. ಪ್ರವಾದಿಯ ಬಗ್ಗೆ ಪ್ರಬಂಧ ಬರೆಯುವುದು ತನ್ನಷ್ಟಕ್ಕೆ ತಪ್ಪಲ್ಲ. ಬಸವಣ್ಣ, ಬುದ್ಧ, ಮಹಾವೀರ, ಏಸುವಿನ ಮೇಲೆ ನಮ್ಮ ಮಕ್ಕಳು ಬರೆದೇ ಇದ್ದಾರೆ. ಬರವಣಿಗೆ ಸುಧಾರಿಸುವುದೇ ಗುರಿಯಾಗಿದ್ದರೆ ನಾಲ್ಕೈದು ವ್ಯಕ್ತಿಗಳ ಹೆಸರು ಕೊಟ್ಟು ಯಾರ ಮೇಲಾದರೂ ಬರೆಯಿರಿ ಎನ್ನಬಹುದಿತ್ತು. ಒಂದೇ ವಿಷಯ, ಅದಕ್ಕೆ ಹೊರಗಿನವರ ಬಹುಮಾನದ ಹಣ ಸೇರಿದಾಗ ಕೌಶಲ ಹಿಂದಾಗಿ ವಸ್ತು ಮುಂದಾಯಿತು. ದುರುದ್ದೇಶ ಇತ್ತೆಂದು ಹೇಳದೆಯೂ ಇದನ್ನು ತಪ್ಪೆನ್ನಬಹುದು. ಹೊರಗಿನ ಯಾವ ಸಂಸ್ಥೆಯೂ, ಅದು ಯಾವ ಧರ್ಮದ್ದೇ ಆಗಿರಲಿ, ಮುಖ್ಯ ಶಿಕ್ಷಕರ ಮೂಲಕ ನೇರವಾಗಿ ಮಕ್ಕಳ ಕೈಗೆ ಪೆನ್ನೋ ಕುಂಚವೋ ಕೊಡುವಂತಿರಬಾರದು. ಇದನ್ನು ಪ್ರವಾದಿಯ ಪ್ರಬಂಧಕ್ಕೆ ಅನ್ವಯಿಸುವವರು ಗೀತೆಯ ಸ್ಪರ್ಧೆಗೂ ಬೈಬಲ್ ರಸಪ್ರಶ್ನೆಗೂ ಅನ್ವಯಿಸಬೇಕು. ಇನ್ನು ಗುಂಪು ಕಟ್ಟಿಕೊಂಡು ಶಾಲೆಯೊಳಗೆ ನುಗ್ಗಿದ್ದು. ತಕರಾರಿದ್ದ ಪಾಲಕರಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ, ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ. ಮಕ್ಕಳ ಕಣ್ಣೆದುರಿಗೆ ಅವರ ಗುರುವನ್ನು ಅವಮಾನಿಸಿದ ಮೇಲೆ ಆ ಗುರು ಮುಂದೆ ಯಾವ ಪಾಠವನ್ನು ಧೈರ್ಯದಿಂದ ಮಾಡಿಯಾರು?

ಮಗು ಒಂದು ಹೇಳಿ ಮನೆ ಇನ್ನೊಂದು ಹೇಳಿದಾಗ ಏನು ಮಾಡುವುದು ಎಂಬುದು ನಿಜಕ್ಕೂ ಬಿಕ್ಕಟ್ಟು. ಮಗುವಿಗೆ ನವಿಲು ಬಿಡಿಸುವ ಆಸೆ, ತಂದೆಗೆ ಬೇಡ. ಅಥವಾ ಮಗುವಿಗೇ ಸಂಕೋಚ, ತಾಯಿಗೆ ಏನೂ ಅಭ್ಯಂತರವಿಲ್ಲ. ಪೂಜೆ, ಧಾರ್ಮಿಕ ಬೋಧನೆಯ ವಿಷಯದಲ್ಲಿ ಕಾನೂನು ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ನವಿಲಿನ ಚಿತ್ರ ಪೂಜೆಯಲ್ಲ. ಇಲ್ಲಿ ಮಾಸ್ತರರು ಮಗುವನ್ನು ಮನೆಯ ವಿರುದ್ಧ ಎತ್ತಿಕಟ್ಟದೆ, ಅದರ ಆಸೆಯನ್ನೂ ಹೊಸಕದೆ ನಡೆಯಬೇಕಾಗುತ್ತದೆ. ಮಾತು ತರಗತಿಯ ಮುಂದೆ ಆಗಬಾರದು. ಮಗುವನ್ನು ಬದಿಗೆ ಕರೆದು ಕೇಳಿ, ಬೇಕೆನಿಸಿದರೆ ಮನೆಯವರನ್ನು ಕರೆಸಿ, ಬರಲು ಅಂಜುವವರಾದರೆ ಮನೆಗೇ ಹೋಗಿ, ಕಲಿಸುತ್ತಿರುವುದು ಏನೆಂದು ತೋರಿಸಿ ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ; ಶಾಲೆಯಲ್ಲಿ ಏನೋ ಮಾಡಿಸುತ್ತಾರಂತೆ ಎಂಬ ಬಾಯಿಮಾತೇ ಎಷ್ಟೋ ತಕರಾರಿನ ಬೇರು. ಇಷ್ಟೆಲ್ಲ ಮಾಡಲು ಮಾಸ್ತರರಿಗೆ ಪುರುಸೊತ್ತೆಲ್ಲಿ ಎಂದು ಕೇಳುವುದು ಸರಿಯೇ. ಎಷ್ಟೋ ಸರಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರೇ ಇಲ್ಲ, ಕನ್ನಡದವರೋ ವಿಜ್ಞಾನದವರೋ ಆ ಅವಧಿಯನ್ನು ತೂಗಿಸುತ್ತಾರೆ. ಅಂಥವರ ಹೆಗಲ ಮೇಲೆ ಪ್ರತಿ ತಕರಾರನ್ನೂ ಹೊರಿಸದಿರಲೆಂದೇ ಇದನ್ನು ವರ್ಷದ ಮೊದಲಿಗೆ ಮಾಡಿ ಮುಗಿಸಬೇಕೆಂದು ನಾನು ಹೇಳುವುದು. ಜೂನಿನಲ್ಲಿ ಶಾಲೆ ತೆರೆದು ಎಸ್‌ಡಿಎಂಸಿಯ ಮೊದಲ ಸಭೆ ಸೇರಿದಾಗ, ಆ ವರ್ಷ ಮಾಡಿಸಲಿರುವ ಹತ್ತು ಹನ್ನೆರಡು ಚಿತ್ರ ಮತ್ತು ಕರಕುಶಲ ಕೆಲಸಗಳ ಪಟ್ಟಿಯನ್ನು, ಒಂದೊಂದರ ಮುಂದೆ ಅದು ಕಲಿಸುವ ಕೌಶಲ ಮತ್ತು ಕನಿಷ್ಠ ಎರಡು ವಸ್ತುಗಳ ಆಯ್ಕೆಯೊಡನೆ, ಓದಿ ಹೇಳಿ ಸಹಿ ಪಡೆದಿಟ್ಟರೆ ಸಾಕು. ಇಂಥದೊಂದು ಪುಟದ ಮಾದರಿಯನ್ನು ಗದಗ ಜಿಲ್ಲೆಯ ಚಿತ್ರಕಲಾ ಶಿಕ್ಷಕರೇ ಕೂತು ತಯಾರಿಸಿ ಇಲಾಖೆಯ ಮುಂದಿಡಬಹುದು. ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಅನುದಾನವೂ ಬೇಡ.